ಬೆಣ್ಣೆ ಯಾರಿಗೆ?

“ಉಡುಪಿಯಲ್ಲಿ ಅಷ್ಟಮಿಗೆ ಉಪವಾಸ, ನಡುರಾತ್ರಿ ಅರ್ಘ್ಯ, ಮರುದಿನ ವಿಟ್ಲಪಿಂಡಿ, ಮೊಸರುಕುಡಿಕೆ. ಇಷ್ಟು ನನಗೆ ಗೊತ್ತುಂಟು ರಾಯರೇ. ಈ ಮುದ್ದುಕೃಷ್ಣ ಸ್ಪರ್ಧೆಗೆ ಇನ್ನೂ ನಡೆಯಲಿಕ್ಕೆ ಬಾರದ ಮಗು ಯಾಕೆ?”

“ಸಾಕ್ಷಿ ನೋಡಿಯೇ ಹೇಳುವ ಶೆಟ್ರೇ. ಕಿರೀಟ ಇಟ್ಟರೆ ಕಿತ್ತು ಬಿಸಾಡ್ತದೆ; ಅದು ಬಾಲಲೀಲೆ. ಕೊಳಲು ಕೊಟ್ಟರೆ ಕಚ್ತದೆ. ಹಲ್ಲು ಬರ್ತಾ ಉಂಟಲ್ಲ. ಹಣೆಯ ನಾಮ ಬೆವರಿಗೆ ಕರಗಿ ಕಣ್ಣಿಗಿಳಿದರೆ ಅಳ್ತದೆ, ಅಳುವಾಗಲೇ ಪಂಚೆ ಒದ್ದೆ. ಇಷ್ಟಾದ ಮೇಲೂ ಒಮ್ಮೆ ನಕ್ಕಿತು ಅಂದ್ರೆ ಅದು ಭಕ್ತಿಯಲ್ಲದೆ ಮತ್ತೆಂತ? ನಕ್ಕದ್ದಕ್ಕೆ ದಾಖಲೆ ಬೇಕು, ಹಾಗಾಗಿ ಮನೆಯವರೆಲ್ಲ ಮೊಬೈಲು ಹಿಡಿದು ನಿಲ್ಲುದು. ಎತ್ತಿಕೊಳ್ಳಲಿಕ್ಕೆ ಕೈ ಖಾಲಿ ಇಲ್ಲ, ಪಾಪ.”

“ಮಗುವಿಗೆ ಇದೊಂದೂ ನೆನಪಿರುದಿಲ್ಲ ಮಾರಾಯ್ರೆ.”

“ಆ ಆಕ್ಷೇಪಕ್ಕೆ ಉತ್ತರವೇ ಸ್ಟೇಟಸ್ಸು! ಮಗುವಿನ ನೆನಪು ಅಪ್ಪನ ಫೋನಲ್ಲಿ ಜೋಪಾನ. ಊಟ ನಿದ್ದೆ ತಪ್ತದೆ ಅಂತ ಕೆಲವರ ತಕರಾರು. ಅವರಿಗೆ ಅಷ್ಟಮಿ ಉಪವಾಸದ ದಿನ ಅಂತಲೇ ಮರೆತಿದೆ. ದೊಡ್ಡವರೆಲ್ಲ ಫಲಾಹಾರ ಅಂತ ಹೊಟ್ಟೆ ತುಂಬ ತಿಂದು ಕೂತಾಗ, ಮನೆಯಲ್ಲಿ ಒಬ್ಬರಾದ್ರೂ ನಿಜವಾದ ಉಪವಾಸ ಮಾಡ್ಬೇಡ್ವಾ? ಇನ್ನು ಸಂಸ್ಕೃತಿ ಉಳೀತದಾ ಅಂತ ಕೇಳ್ತೀರಿ. ಉಳಿಯದೆ ಏನು? ಬಾಡಿಗೆ ವೇಷ, ಸಂಜೆಯೊಳಗೆ ವಾಪಸು ಕೊಟ್ಟರೆ ಮುಂದಿನ ವರ್ಷಕ್ಕೂ ಉಳೀತದೆ.”

“ಮಗುವಿನ ಕೈಯ ಆ ಮಡಕೆಯಲ್ಲಿ ಬೆಣ್ಣೆ?”

“ಅದು ಹತ್ತಿ. ಬೆಣ್ಣೆ ತೀರ್ಪುಗಾರರಿಗೆ ಹಚ್ಚಿ ಮುಗೀತು.”

“ಬಹುಮಾನ ಬಂತಾ?”

“ಸಮಾಧಾನಕರ ಬಹುಮಾನ. ಮಗುವಿಗೆ ಆಗಲೇ ಸಮಾಧಾನ ಆಯ್ತು. ಅದರ ಅಮ್ಮನಿಗೆ ಇನ್ನೂ ಇಲ್ಲ.”