ಅರ್ಧ ನಿಮಿಷದ ರಾಜಕಾರಣಿ

ಅಲ್ಲ ಮೇಷ್ಟ್ರೇ, ಚೆನ್ನಾಗಿ ಆಡಿದೋನು ಚೆನ್ನಾಗಿ ಆಡಿಸಲಾರ ಅಂತ ಕಾಂಪೌಂಡಿನ ಆ ಕಡೆಯಿಂದ ತೀರ್ಪು ಕೊಟ್ಟು, ಪೈಪ್ ಹಿಡ್ಕೊಂಡು ಕರಿಬೇವಿನ ಗಿಡದ ಕಡೆ ತಿರುಗಿಬಿಟ್ರೆ ಮುಗೀತಾ? ಒಬ್ಬನ ಕತೆ ಹೇಳ್ತೀನಿ, ಕೇಳಿ. ಕ್ರಿಕೆಟ್ಟಿನೋನಲ್ಲ. ಆಸ್ಟ್ರೇಲಿಯಾದ ರಗ್ಬಿ ಲೀಗ್ ಆಟಗಾರ, ಮಾಲ್ ಮೆನಿಂಗಾ.

ರಗ್ಬಿಯಲ್ಲೇ ಎರಡು ಮನೆ ಇವೆ. 1895ರಲ್ಲಿ ಇಂಗ್ಲೆಂಡಿನ ಉತ್ತರ ಭಾಗದ ಕ್ಲಬ್ಬುಗಳು ಹಡರ್ಸ್‌ಫೀಲ್ಡ್ ಊರಿನ ಒಂದು ಹೋಟೆಲಲ್ಲಿ ಕೂತು ಪಾಲು ತಗೊಂಡು ಹೊರಬಂದ್ವು. ಗಣಿ, ಗಿರಣಿ ಕೆಲಸದೋರು ಆಟಕ್ಕೆ ಬಂದ್ರೆ ಆ ದಿನದ ಕೂಲಿ ಹೋಗ್ತಿತ್ತು. ಅದನ್ನ ತುಂಬಿಕೊಡಬೇಕು ಅಂತ ಇವರು, ಕೂಡದು ಅಂತ ದೊಡ್ಡಮನುಷ್ಯರು. ಆ ಜಗಳದಲ್ಲಿ ಹುಟ್ಟಿದ್ದೇ ಲೀಗ್. ಈಗ ಒಂದೊಂದು ಕಡೆ ಹದಿಮೂರು ಜನ. ಚೆಂಡು ಹಿಡಿದು ನುಗ್ಗೋನನ್ನ ಕಬಡ್ಡಿಯಲ್ಲಿ ರೇಡರನ್ನ ಹಿಡಿದ ಹಾಗೆ ಹಿಡಿದು ಕೆಡವಬೇಕು. ಆರು ಸಲ ಕೆಡವಿಸಿಕೊಂಡ್ರೆ ಚೆಂಡು ಎದುರಾಳಿಗೆ. ಎದುರಾಳಿಯ ಗೆರೆ ದಾಟಿ ಚೆಂಡನ್ನ ನೆಲಕ್ಕೆ ಮುಟ್ಟಿಸಿದ್ರೆ ಟ್ರೈ. ಇಷ್ಟು ಗೊತ್ತಿದ್ರೆ ಸಾಕು.

ಮೆನಿಂಗಾ ಹುಟ್ಟಿದ್ದು 1960ರ ಜುಲೈ 8, ಕ್ವೀನ್ಸ್‌ಲ್ಯಾಂಡಿನ ಬಂಡಬರ್ಗ್‌ನಲ್ಲಿ. ಕಬ್ಬಿನ ಸೀಮೆ ಅದು. ಪೆಸಿಫಿಕ್ ದ್ವೀಪಗಳಿಂದ ಕಬ್ಬಿನ ಗದ್ದೆಗೆ ದುಡಿಯೋಕೆ ತಂದ ಜನರ ಸಂತತಿ. ಬೆಳೆದು ಪೊಲೀಸ್ ಅಕಾಡೆಮಿ ಸೇರಿದ. ಅಲ್ಲಿ ಆಟ ಹೇಳಿಕೊಟ್ಟೋರು ಮುಂದೆ ದೊಡ್ಡ ಹೆಸರು ಮಾಡಿದ ಕೋಚ್ ವೇಯ್ನ್ ಬೆನೆಟ್.

ಆಗ ಕ್ವೀನ್ಸ್‌ಲ್ಯಾಂಡಿಗೊಂದು ಸಂಕಟ ಇತ್ತು. ಸಿಡ್ನಿಯ ಕ್ಲಬ್ಬುಗಳ ಹತ್ರ ಜೂಜಿನ ಯಂತ್ರದ ದುಡ್ಡು. ಇಲ್ಲಿ ಮೀಸೆ ಚಿಗುರೋ ಹೊತ್ತಿಗೆ ಒಳ್ಳೆ ಹುಡುಗರನ್ನ ಅವರು ಎತ್ಕೊಂಡು ಹೋಗೋರು, ಆಮೇಲೆ ಅದೇ ಹುಡುಗರು ಸಿಡ್ನಿ ಇರೋ ನ್ಯೂ ಸೌತ್ ವೇಲ್ಸ್ ರಾಜ್ಯದ ಪರವಾಗಿ ತವರಿನೋರನ್ನೇ ಬಡಿಯೋರು. ಇದು ಸಾಕು ಅಂತ 1980ರಲ್ಲಿ ಹೊಸ ಕಟ್ಟಳೆ ಬಂತು: ಯಾವ ಕ್ಲಬ್ಬಲ್ಲಾದ್ರೂ ಆಡು, ರಾಜ್ಯದ ಪಂದ್ಯಕ್ಕೆ ಮಾತ್ರ ನಿನ್ನ ಮೂಲ ರಾಜ್ಯಕ್ಕೇ ಬಾ. ಅದೇ 'ಸ್ಟೇಟ್ ಆಫ್ ಒರಿಜಿನ್'. ಮೊದಲ ಪಂದ್ಯ ಬ್ರಿಸ್ಬೇನಿನ ಲ್ಯಾಂಗ್ ಪಾರ್ಕಲ್ಲಿ ಜುಲೈ 8ಕ್ಕೆ. ಮೂವತ್ತೈದು ವಯಸ್ಸಿನ ಆರ್ಟಿ ಬೀಟ್ಸನ್ ಮೊದಲ ಸಲ ತವರಿನ ಅಂಗಿ ತೊಟ್ಟು ನಾಯಕ. ಅವತ್ತಿಗೆ ಇಪ್ಪತ್ತು ತುಂಬಿದ ನಮ್ಮ ಹುಡುಗ ಏಳು ಸಲ ಗೋಲಿಗೆ ಒದ್ದ, ಏಳೂ ಗೋಲಾಯ್ತು. ಕ್ವೀನ್ಸ್‌ಲ್ಯಾಂಡ್ 20-10. ಹುಟ್ಟುಹಬ್ಬ ಅಂದ್ರೆ ಅದು!

ಆಟಗಾರನಾಗಿ ಏನು ಕಡಿಮೆ ಮಾಡಿದ ಹೇಳಿ. ಅವನ ಕ್ಲಬ್ ಕ್ಯಾನ್‌ಬೆರಾ ರೇಡರ್ಸ್‌ಗೆ 1989, 1990, 1994ರ ಪ್ರಶಸ್ತಿ. ಅದಕ್ಕೆ ಮುಂಚೆ ಕೈ ಮುರೀತು, ಕೂಡ್ತು, ಮತ್ತೆ ಮುರೀತು. 1990ರಲ್ಲಿ ಮ್ಯಾಂಚೆಸ್ಟರಿನ ಓಲ್ಡ್ ಟ್ರಾಫರ್ಡಲ್ಲಿ ಬ್ರಿಟನ್ ಮೇಲೆ ಆಸ್ಟ್ರೇಲಿಯಾದ ಎರಡನೇ ಟೆಸ್ಟ್. ಮೊದಲನೇದು ಸೋತಾಗಿತ್ತು, ಇದೂ 10-10ರಲ್ಲಿ ನಿಂತಿದೆ. ಅವತ್ತೇ ತಪ್ಪು ಪಾಸ್ ಎಸೆದು ಟ್ರೈ ಕೊಟ್ಟಿದ್ದ ಜೊತೆಗಾರ ರಿಕ್ಕಿ ಸ್ಟುವರ್ಟ್, ಕೊನೇ ಗಳಿಗೆಯಲ್ಲಿ ಸಂದು ನೋಡಿ ನುಗ್ಗಿ ಮೈದಾನದ ಉದ್ದಕ್ಕೂ ಓಡ್ತಾನೆ. ಪಕ್ಕದಲ್ಲಿ ಆನೆ ಓಡಿಬಂದ ಹಾಗೆ ಮೆನಿಂಗಾ, ಅಡ್ಡ ಬಂದೋನನ್ನ ಭುಜದಲ್ಲೇ ಸರಿಸಿ ಪಾಸ್ ತಗೊಂಡು ಟ್ರೈ. 14-10. ಆ ವಿಡಿಯೋ ಸಿಕ್ಕಿದ್ರೆ ನೋಡಿ, ಬಿಪಿ ಮಾತ್ರೆ ತಗೊಂಡು.

ಸರಿ, ನಿಮ್ಮ ವಾದಕ್ಕೆ ಬಲ ಬರೋ ಭಾಗ ಈಗ. 1997ರಿಂದ ಐದು ವರ್ಷ ಅದೇ ಕ್ಯಾನ್‌ಬೆರಾಕ್ಕೆ ಕೋಚ್. ಒಂದು ಪ್ರಶಸ್ತೀನೂ ಇಲ್ಲ. 2001ರಲ್ಲಿ ಚುನಾವಣೆಗೆ ನಿಲ್ತೀನಿ ಅಂತ ರೇಡಿಯೋಗೆ ಹೋದ. ಯಾಕೆ ನಿಲ್ತೀರಿ ಅಂತ ಸರಳ ಪ್ರಶ್ನೆ. ಶುರುಮಾಡಿದ, ತೊದಲಿದ, ಕ್ಷಮಿಸಿ ನನ್ ಕೈಲಾಗಲ್ಲ ಅಂತ ಅಲ್ಲೇ ಹಿಂದೆ ಸರಿದು ಎದ್ದುಹೋದ. ಅರ್ಧ ನಿಮಿಷದ ರಾಜಕಾರಣ! ನಗ್ಬೇಡಿ. ನಮ್ಮಲ್ಲಿ ಆ ಪ್ರಶ್ನೆಗೆ ಉತ್ತರ ಗೊತ್ತಿಲ್ದೇ ಐದೈದು ವರ್ಷ ಕಳೆಯೋರಿದಾರೆ.

2006ರಲ್ಲಿ ಇಂಥವನ ಕೈಗೆ ಕ್ವೀನ್ಸ್‌ಲ್ಯಾಂಡ್ ತಂಡ ಕೊಟ್ರು. ವರ್ಷಕ್ಕೆ ಮೂರು ಪಂದ್ಯದ ಸರಣಿ, ಅದನ್ನ ಮೂರು ವರ್ಷದಿಂದ ಸತತ ಸೋತ ತಂಡ. ಮೊದಲ ಪಂದ್ಯ 17-16, ಒಂದೇ ಪಾಯಿಂಟಲ್ಲಿ ಹೋಯ್ತು. ಎರಡನೇದು 30-6 ಗೆಲುವು. ಮೂರನೇದ್ರಲ್ಲಿ ಹಿಂದೆ ಬಿದ್ದು ಒದ್ದಾಡ್ತಿದ್ದಾಗ, ಎದುರಾಳಿ ಎಸೆದ ಪಾಸು ಯಾರ ಕೈಗೂ ಸಿಗದೆ ನೆಲದಲ್ಲಿ ಉರುಳ್ತು. ಡ್ಯಾರೆನ್ ಲಾಕ್ಯರ್ ಬಾಚಿಕೊಂಡು ಗೆರೆ ದಾಟಿದ. 16-14. ಅಲ್ಲಿಂದ 2013ರವರೆಗೆ ಎಂಟು ಸರಣಿ, ಎಂಟೂ ಗೆಲುವು. 2011, 2012ರಲ್ಲಿ ಎದುರು ತಂಡದ ಕೋಚ್ ಯಾರು ಗೊತ್ತಾ? ಅದೇ ರಿಕ್ಕಿ ಸ್ಟುವರ್ಟ್. 2012ರ ಕೊನೇ ಪಂದ್ಯ 21-20. ಸ್ನೇಹ ಒಂದು ಕಡೆ, ಪಾಯಿಂಟ್ ಇನ್ನೊಂದು ಕಡೆ.

ಏನಂದ್ರಿ? ಥರ್ಸ್ಟನ್, ಕ್ಯಾಮರಾನ್ ಸ್ಮಿತ್, ಸ್ಲೇಟರ್ ಅಂಥ ಆಟಗಾರರು ತಂಡದಲ್ಲಿದ್ರೆ ನೀವೂ ಗೆಲ್ತಿದ್ರಾ? ಒಪ್ಪಿದೆ, ಅರ್ಧ. ಇಡೀ ವರ್ಷ ಬೇರೆ ಬೇರೆ ಕ್ಲಬ್ಬಲ್ಲಿ ಒಬ್ಬರನ್ನೊಬ್ಬರು ಕೆಡವಿಕೊಂಡು ಬಂದೋರು ಆ ತಂಡದಲ್ಲಿ ಎಷ್ಟೋ ಜನ. ಪಾಸ್ ಕೊಡೋದು ಹೇಗೆ ಅಂತ ಯಾರೂ ಹೇಳ್ಕೊಡಬೇಕಿಲ್ಲ. ಮೂರು ಪಂದ್ಯದ ಮಟ್ಟಿಗೆ ಒಂದೇ ಪಂಕ್ತೀಲಿ ಕೂತು ಉಣ್ಣೋ ಹಾಗೆ ಮಾಡಬೇಕು, ಅಷ್ಟೇ. ಆ ಅಂಗಿ ಯಾಕೆ ತೊಡಬೇಕು ಅಂತ ಮೆನಿಂಗಾನನ್ನ ಅಲ್ಲಿ ಯಾರು ಕೇಳ್ತಾರೆ? ಮೊದಲನೇ ರಾತ್ರಿ ಅದನ್ನ ತೊಟ್ಟಿದ್ದೋನೇ ಎದುರಿಗೆ ನಿಂತಿದ್ದಾನೆ. ಮೈಕ್ ಮುಂದೆ ಬಾರದ ಮಾತು ಡ್ರೆಸ್ಸಿಂಗ್ ರೂಮಲ್ಲಿ ಬೇಕಾಗ್ಲೇ ಇಲ್ಲ. ಕ್ಲಬ್ಬಿನ ಕೋಚಿಗೆ ಹಾಗಲ್ಲ. ವಾರವಾರ ಗಾಯ, ಸಂಬಳದ ಲೆಕ್ಕ, ಸೋಲಿಗೆ ಸಮಜಾಯಿಷಿ. ಅದು ಬೇರೆಯದೇ ಉದ್ಯೋಗ, ಮೇಷ್ಟ್ರೇ. ನೀವು ಎರಡನ್ನೂ ಒಂದೇ ತಕ್ಕಡೀಲಿ ತೂಗ್ತೀರಿ.

ಆಮೇಲೆ ಆಸ್ಟ್ರೇಲಿಯಾ ತಂಡಕ್ಕೂ ಕೋಚ್ ಆದ. 2017ರಲ್ಲೂ 2022ರಲ್ಲೂ ವಿಶ್ವಕಪ್ ಗೆದ್ದ. 2022ರ ಫೈನಲ್ ಸಮೋವಾ ಮೇಲೆ, ಅದೇ ಓಲ್ಡ್ ಟ್ರಾಫರ್ಡಲ್ಲಿ. ಈಗ 2027ಕ್ಕೆ ಆಸ್ಟ್ರೇಲಿಯಾದ ಕ್ಲಬ್ಬುಗಳ ಲೀಗಿಗೆ ಕಾಲಿಡೋ ಪರ್ತ್ ಬೇರ್ಸ್ ಅನ್ನೋ ಹೊಸ ತಂಡಕ್ಕೆ ಅವನನ್ನೇ ಗೊತ್ತುಮಾಡಿದ್ದಾರೆ. ಆ ವಾರವಾರದ ಚಾಕರಿಗೇ ವಾಪಸ್ಸು, ಅರವತ್ತೇಳರ ಅಂಚಲ್ಲಿ. ನಂಗಂತೂ ಅಷ್ಟು ಧೈರ್ಯ ಬರ್ತಿಲ್ಲ. ಸೋಲ್ತಾನೆ ಅಂತ ಬಾಜಿ ಕಟ್ತೀರಾ? ಒಂದು ಲೋಟ ಕಾಫಿ ಮೇಲೆ ಮಾತ್ರ. ಮೊದಲು ಆ ನಲ್ಲಿ ನಿಲ್ಸಿ, ನೀರು ನಮ್ಮ ಕಡೆ ಹರೀತಿದೆ.