ಫ್ರಿಜ್ಜಿನ ಬಾಗಿಲಲ್ಲಿ ಸೇಲಂ ಯಾಕಿಲ್ಲ?

ಒಂದು ಮನೆಯ ಅಂತಸ್ತು ತಿಳಿಯಬೇಕಾದರೆ ಹಜಾರದ ಸೋಫಾ ನೋಡಿ ಪ್ರಯೋಜನವಿಲ್ಲ ಸ್ವಾಮಿ, ನೀರು ಕೇಳುವ ನೆವದಲ್ಲಿ ಅಡುಗೆಮನೆಗೆ ನುಗ್ಗಿ ಫ್ರಿಜ್ಜಿನ ಬಾಗಿಲು ನೋಡಬೇಕು. ಐಫೆಲ್ ಗೋಪುರ, ಲಂಡನ್ನಿನ ಕೆಂಪು ಬಸ್ಸು, ಸಿಂಗಪುರದ ನೀರುಗುಳುವ ಸಿಂಹ, ಸ್ವಿಟ್ಜರ್ಲೆಂಡಿನ ಗಂಟೆ ಕಟ್ಟಿದ ಹಸು. ಒಳಗಿರುವುದು ಮೊನ್ನೆಯ ಹುಳಿ, ನಾಳೆಯ ಇಡ್ಲಿ ಹಿಟ್ಟು. ಹೊರಗೆ ಮಾತ್ರ ಇಡೀ ಭೂಮಂಡಲ. ಮೂಗಿಗಿಂತ ಮೂಗುತಿ ಭಾರ ಅಂತ ಹಿರಿಯರು ಫ್ರಿಜ್ ಬರುವ ಮೊದಲೇ ಹೇಳಿಟ್ಟು ಹೋಗಿದ್ದಾರೆ.

ನನ್ನ ಭಾವಮೈದ ಈ ಪಂಥದ ಪೀಠಾಧಿಪತಿ. ಹುಟ್ಟಿದ್ದು ಸೇಲಮ್ಮಿನ ದೇವಾಂಗದವರ ಮನೆಯಲ್ಲಿ. ಮನೆಮಾತು ಕನ್ನಡ, ಬೀದಿಮಾತು ತಮಿಳು, ಕೋಪ ಬಂದಾಗ ಎರಡೂ. ಈಗ ಬೆಂಗಳೂರಿನಲ್ಲಿ ಕೆಲಸ. ಅವನ ಫ್ರಿಜ್ಜಿನಲ್ಲಿ ದೋಹಾದ ಒಂಟೆಯೂ ಇದೆ. ದೋಹಾ ನೋಡಿದ್ದೀಯೇನಯ್ಯಾ ಅಂದರೆ, ವಿಮಾನ ಬದಲಿಸುವಾಗ ನಿಲ್ದಾಣದಲ್ಲಿ ತೂಕಡಿಸಿದ್ದೆ ಭಾವ ಅನ್ನುತ್ತಾನೆ. ತೂಕಡಿಕೆಗೂ ಒಂದು ಮ್ಯಾಗ್ನೆಟ್! ಸರಿ, ಸೇಲಮ್ಮಿನದು ಎಲ್ಲಿ?

"ಅದು ನಮ್ಮೂರಲ್ವಾ ಭಾವ, ಅಲ್ಲೇನಿದೆ?"

ಹಿತ್ತಲ ಗಿಡ ಮದ್ದಲ್ಲ. ಆದರೆ ಈ ಹಿತ್ತಲಲ್ಲಿರುವುದು ಗಿಡವಲ್ಲ, ಸಾಕ್ಷಾತ್ ಅಯಸ್ಕಾಂತದ ಬೆಟ್ಟ. ಸೇಲಮ್ಮಿನ ಮಗ್ಗುಲಲ್ಲಿರುವ ಕಂಜಮಲೆಯ ಕಬ್ಬಿಣದ ಅದಿರು ಮ್ಯಾಗ್ನೆಟೈಟ್ ಜಾತಿಯದು. ಅದರ ಚೂರಿಗೆ ಕಾಂತ ಹಿಡಿದರೆ ಬಂದು ಕಚ್ಚಿಕೊಳ್ಳುತ್ತದೆ. ಬೇರೆ ಊರಿನವರು ತಮ್ಮ ಬೆಟ್ಟದ ಚಿತ್ರ ಬರೆದು ಹಿಂದೆ ಮ್ಯಾಗ್ನೆಟ್ ಅಂಟಿಸಬೇಕು. ಸೇಲಮ್ಮಿನವರಿಗೆ ಆ ಕಷ್ಟವೂ ಇಲ್ಲ, ಆದರೂ ಸುಮ್ಮನೆ ಕೂತಿದ್ದಾರೆ.

ಅದೇ ಕಂಜಮಲೆಯ ಬುಡದಲ್ಲಿ 1981ರಲ್ಲಿ ಶುರುವಾದ ಸೇಲಂ ಉಕ್ಕಿನ ಕಾರ್ಖಾನೆ ಇನ್ನೊಂದು ತಮಾಷೆ. ಅಲ್ಲಿಯ ಹೆಸರಾಂತ ಸರಕು ಸ್ಟೇನ್‌ಲೆಸ್ ಸ್ಟೀಲು. ನಿಕ್ಕಲ್ ಬೆರೆತ ಒಳ್ಳೆಯ ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿಗೆ ಕಾಂತ ಅಂಟುವುದೇ ಇಲ್ಲ. ನಮ್ಮ ಪಾತ್ರೆ ಅಂಗಡಿಯವರು ಡಬರಿಗೆ ಕಾಂತ ಮುಟ್ಟಿಸಿ, "ನೋಡಿ ಅಮ್ಮಾ, ಹಿಡೀತಾ? ಇಲ್ಲ. ಹಾಗಾದ್ರೆ ಒರಿಜಿನಲ್" ಅಂತ ನಮ್ಮ ಹೆಂಗಸರನ್ನು ಒಲಿಸುವುದು ಇದೇ ಶಾಸ್ತ್ರದ ಮೇಲೆ. ಬೆಟ್ಟಕ್ಕೆ ಕಾಂತ ಬೇಕು, ಬೆಟ್ಟದ ಬುಡದ ಪಾತ್ರೆಗೆ ಬೇಡ. ಅದೇ ಕಾರ್ಖಾನೆ ನಾಣ್ಯದ ಬಿಲ್ಲೆಗಳನ್ನೂ ಮಾಡಿಕೊಟ್ಟಿದೆ. ನಮ್ಮ ಸ್ಟೀಲಿನ ರೂಪಾಯಿ ನಾಣ್ಯದಲ್ಲಿರುವುದು ನಿಕ್ಕಲ್ಲಿಲ್ಲದ, ಕಬ್ಬಿಣ ಕ್ರೋಮಿಯಂ ಬೆರೆತ ಬೇರೆ ಜಾತಿಯ ಸ್ಟೀಲು. ಅದಕ್ಕೆ ಕಾಂತ ಗಬಕ್ಕನೆ ಹಿಡಿಯುತ್ತದೆ. ಪಾತ್ರೆ ಬಿಟ್ಟು ದುಡ್ಡಿಗೆ ಅಂಟಿಕೊಳ್ಳುವ ಬುದ್ಧಿ ಲೋಹಕ್ಕೂ ಇದೆ ಅನ್ನಿ.

ಹೋಗಲಿ, ಚಿತ್ರ ಹಾಕಲು ಜಾಗವಿಲ್ಲವೇ? ಯೇರ್ಕಾಡಿಗೆ ಬನ್ನಿ. ಸೇಲಂ ಕಡೆಯಿಂದ 20 ತಿರುವು ಹತ್ತಿದರೆ ಶೇವರಾಯ್ ಬೆಟ್ಟ. ಸರೋವರ, ದೋಣಿ, ಪಕ್ಕದಲ್ಲೇ ಅಣ್ಣಾ ಪಾರ್ಕು. 1820ರ ದಶಕದಲ್ಲಿ ಸೇಲಮ್ಮಿನ ಕಲೆಕ್ಟರಾಗಿದ್ದ ಕಾಕ್‌ಬರ್ನ್ ಎಂಬ ಸ್ಕಾಟ್ಲೆಂಡಿನ ಮಹಾಶಯ ಇಲ್ಲಿ ಕಾಫಿ ಗಿಡ ನೆಡಿಸಿದ. ಅವನ ಕಾಲದವರಿಗೆ ಕೂರುವ ಚಟ ಬಹಳವಿತ್ತೋ ಏನೋ, ಇಲ್ಲಿ ಲೇಡೀಸ್ ಸೀಟ್, ಜೆಂಟ್ಸ್ ಸೀಟ್, ಚಿಲ್ಡ್ರನ್ಸ್ ಸೀಟ್ ಎಂದು ಬೇರೆ ಬೇರೆ ನೋಟದ ಜಾಗಗಳೇ ಇವೆ. ಬಸ್ಸಿನಲ್ಲಿ ಲೇಡೀಸ್ ಸೀಟಿನಿಂದ ಎಬ್ಬಿಸಿಕೊಂಡು ಅಭ್ಯಾಸವಾದ ಗಂಡಸರು ಇಲ್ಲಿ ಮಾತ್ರ ಧೈರ್ಯವಾಗಿ ನಿಂತು ಕೆಳಗಿನ ಸೇಲಂ ನೋಡುತ್ತಾರೆ, ಕಂಡಕ್ಟರ್ ಬರುವುದಿಲ್ಲ. ಮ್ಯಾಗ್ನೆಟ್ಟಿಗೆ ಇದಕ್ಕಿಂತ ಮಜವಾದ ವಿಷಯ ಬೇಕೇ? ನಾನು ಕಂಡ ಬೆಟ್ಟದ ಅಂಗಡಿಗಳಲ್ಲೆಲ್ಲ ತೂಗುವುದು ಸಮುದ್ರದ ಚಿಪ್ಪಿನ ಸರ, ಅಕ್ಕಿಕಾಳಿನ ಮೇಲೆ ಹೆಸರು ಬರೆದ ಕೀಚೈನು, ಮತ್ತು ಎಲ್ಲಿಯದೋ ಜಲಪಾತದ ಚಿತ್ರ. ಆ ಜಲಪಾತದ ಕೆಳಗೆ ಊಟಿಯಲ್ಲಿ ಊಟಿ ಅಂತ, ಕೊಡೈಕೆನಾಲಿನಲ್ಲಿ ಕೊಡೈಕೆನಾಲ್ ಅಂತ ಬರೆದಿರುತ್ತದೆ. ನೀರು ಒಂದೇ, ಊರು ಬೇರೆ!

ಬೆಟ್ಟ ಇಳಿದು ಸೇಲಂ ಸೇರುವಾಗ ರಸ್ತೆ ಬದಿಯಲ್ಲಿ ಮಾಡರ್ನ್ ಥಿಯೇಟರ್ಸಿನ ಕಮಾನು ನಿಂತಿದೆ. ಟಿ.ಆರ್. ಸುಂದರಂ 1930ರ ದಶಕದಲ್ಲಿ ಕಟ್ಟಿದ ಸ್ಟುಡಿಯೊ ಅದು. ಮಲಯಾಳದ ಮೊದಲ ಮಾತಿನ ಚಿತ್ರ ‘ಬಾಲನ್’ 1938ರಲ್ಲಿ ಬಂದದ್ದು ಈ ಸಂಸ್ಥೆಯಿಂದ. ನೂರಕ್ಕೂ ಹೆಚ್ಚು ಚಿತ್ರ ಮಾಡಿದ ಸ್ಟುಡಿಯೊ ಹೋಯಿತು, ಬಾಗಿಲ ಕಮಾನು ಉಳಿಯಿತು. ಒಳಗಿನದು ಖಾಲಿಯಾಗಿ ಬಾಗಿಲಷ್ಟೇ ಮೆರೆಯುವುದು ನಮ್ಮ ಫ್ರಿಜ್ಜುಗಳ ಜಾಯಮಾನವೂ ಹೌದಾದ್ದರಿಂದ ಇದಕ್ಕೆ ಮೊದಲ ಸಾಲಿನಲ್ಲೇ ಜಾಗ ಕೊಡಬೇಕು.

ಮೇಟ್ಟೂರಿನ ಮ್ಯಾಗ್ನೆಟ್ ಮಾಡುವವನಿಗೆ ಸ್ವಲ್ಪ ಮೀಟರು ಬೇಕು. 1925ರಲ್ಲಿ ಕೆಲಸ ಶುರುವಾಗಿ 1934ರಲ್ಲಿ ಮುಗಿದ ಅಣೆಕಟ್ಟು, ಗರಿಷ್ಠ ಮಟ್ಟ 120 ಅಡಿ. ಆ 120 ಎಂಬ ಅಂಕಿ ಅಲ್ಲಿಯ ರೈತರಿಗೆ ಗೊತ್ತು, ನಮ್ಮ ಕೆಆರ್‌ಎಸ್ ಕಡೆಯವರಿಗೂ ಗೊತ್ತು, ಎರಡೂ ಕಡೆಯ ವಕೀಲರಿಗಂತೂ ಬಾಯಿಪಾಠ. ಸುಮ್ಮನೆ ಗೋಡೆಯ ಚಿತ್ರ ಹಾಕಿದರೆ ಸಪ್ಪೆ. ನೀರು ತೀರಾ ಇಳಿದಾಗ ಪಣ್ಣವಾಡಿಯ ಬಳಿ ಮುಳುಗಡೆಯಾದ ಊರಿನ ಹಳೆಯ ನಂದಿಯೂ ಇಗರ್ಜಿಯ ಗೋಪುರವೂ ತಲೆಯೆತ್ತುತ್ತವೆ. ಅವನ್ನೇ ಹಾಕಿ, ಮುಂದೆ ಜಾರುವ ಒಂದು ನೀಲಿ ಪಟ್ಟಿ ಕೊಡಬೇಕು. ಮಳೆಗಾಲದಲ್ಲಿ ಪಟ್ಟಿ ಮೇಲೆ, ನಂದಿ ಮಾಯ; ಬೇಸಿಗೆಯಲ್ಲಿ ಕೆಳಗೆ, ನಂದಿ ಪ್ರತ್ಯಕ್ಷ. ಬೆಂಗಳೂರಿನ ಮನೆಯಲ್ಲಿ ಆ ಪಟ್ಟಿ ಎಷ್ಟಕ್ಕೆ ಇಳಿಸಬೇಕು ಅನ್ನುವುದರ ಮೇಲೆ ಗಂಡ ಮಂಡ್ಯದವನು, ಹೆಂಡತಿ ಸೇಲಮ್ಮಿನವಳು ಆದರೆ ಮನೆಯಲ್ಲೇ ಒಂದು ನ್ಯಾಯಮಂಡಳಿ ಕೂತೀತು.

ಹೊಗೇನಕಲ್ಲಿನದು ಬೇರೆ ಸಮಸ್ಯೆ. ಆಚೆ ದಡ ಕರ್ನಾಟಕ, ಈಚೆ ದಡ ಧರ್ಮಪುರಿ ಜಿಲ್ಲೆ, ನಡುವೆ ಗರಗರ ತಿರುಗುವ ಹರಿಗೋಲು. ಅಲ್ಲಿ ನೆನಪಿನಲ್ಲಿ ಉಳಿಯುವುದು ನೋಟಕ್ಕಿಂತ ವಾಸನೆ. ಬಂಡೆಯ ಮೇಲೆ ಮಲಗಿಸಿ ತಿಕ್ಕುವ ಎಣ್ಣೆ, ಪಕ್ಕದಲ್ಲೇ ಖಾರ ಹಚ್ಚಿ ಕರಿಯುವ ಕಾವೇರಿಯ ಮೀನು. ತಿಕ್ಕಿಸಿಕೊಂಡವರು ಯಾರು, ಕರಿದದ್ದು ಯಾವುದು ಎಂದು ದೂರದಿಂದ ಹೇಳುವುದು ಕಷ್ಟ. ಈ ವಾಸನೆ ಫ್ರಿಜ್ಜಿನ ಹೊರಗೆ ಅಂಟಿದರೆ ನನ್ನ ಹೆಂಡತಿ ನನ್ನನ್ನು ಮನೆಯ ಹೊರಗೆ ಹಾಕುತ್ತಾಳೆ. ಆದ್ದರಿಂದ ಹರಿಗೋಲೇ ಸಾಕು.

ಸಂಕಗಿರಿ ಕೋಟೆ ಇದೆ, 1805ರಲ್ಲಿ ಬ್ರಿಟಿಷರು ಧೀರನ್ ಚಿನ್ನಮಲೈಯನ್ನು ಗಲ್ಲಿಗೇರಿಸಿದ ಜಾಗ. ಸೇಲಂ ಜಿಲ್ಲೆಯಲ್ಲೇ 2022ರಲ್ಲಿ ಎದ್ದು ನಿಂತ 146 ಅಡಿಯ ಮುತ್ತುಮಲೆ ಮುರುಗನ್ ಇದ್ದಾನೆ. ನಿಪ್ಪಟ್ಟು ಮಸಾಲೆಯ ದಾಯಾದಿಯಾದ ಸೇಲಂ ತಟ್ಟುವಡೆ ಸೆಟ್ಟೂ ಇದೆ. ಅದನ್ನು ಮ್ಯಾಗ್ನೆಟ್ ಮಾಡಿದರೆ ಮಕ್ಕಳು ಕಚ್ಚಿ ನೋಡುತ್ತವೆ, ಬೇಡ.

ನನ್ನ ಮತ ಮಾತ್ರ ಒಂದು ಕಲ್ಲಿಗೆ. ಧರ್ಮಪುರಿ ಅಂದರೆ ಹಳೆಯ ತಗಡೂರು, ಅತಿಯಮಾನ್ ದೊರೆಗಳ ನಾಡು. ಆಯುಸ್ಸು ಹೆಚ್ಚಿಸುವ ನೆಲ್ಲಿಕಾಯಿ ಸಿಕ್ಕಾಗ ತಾನು ತಿನ್ನದೆ ಕವಯಿತ್ರಿ ಔವೈಯಾರಳಿಗೆ ಕೊಟ್ಟನಂತೆ ಅತಿಯಮಾನ್ ನೆಡುಮಾನ್ ಅಂಜಿ. (ಕವಿಗಳಿಗೆ ಈಗಿನವರು ಶಾಲು ಹೊದಿಸಿ ಕಳಿಸುತ್ತಾರೆ, ಬಸ್ ಚಾರ್ಜೂ ಇಲ್ಲ.) ಆ ಮನೆತನದ ಹೆಸರಿನ ಹೆದ್ದಾರಿಯೊಂದು ಈ ಸೀಮೆಯಲ್ಲಿ ಹಾದುಹೋಗುತ್ತಿತ್ತು. ಸುಮಾರು 13ನೆಯ ಶತಮಾನದ ಅದರ ಮೈಲಿಗಲ್ಲು ಸಿಕ್ಕಿದೆ. ಅತಿಯಮಾನ್ ಹೆದ್ದಾರಿ, ನಾವಲ್‌ತಾವಳಕ್ಕೆ 29 ಗಾವುದ ಎಂದು ತಮಿಳಿನಲ್ಲಿ ಕೆತ್ತಿದ್ದಾರೆ. ಅಷ್ಟಕ್ಕೆ ನಿಲ್ಲಿಸದೆ, ಓದು ಬಾರದ ದಾರಿಹೋಕನಿಗೆಂದು ಗುಳಿಗಳನ್ನೂ ಕೊರೆದಿದ್ದಾರೆ: ಹತ್ತಕ್ಕೊಂದು ದೊಡ್ಡ ಗುಳಿ, ಅಂಥವು ಎರಡು, ಒಂದಕ್ಕೊಂದು ಚಿಕ್ಕ ಗುಳಿ, ಅಂಥವು ಒಂಬತ್ತು. ಕತ್ತಲಲ್ಲಿ ಬೆರಳಾಡಿಸಿದರೂ ದೂರ ತಿಳಿಯುತ್ತದೆ. ತಮಿಳು ಓದಲು ಬಾರದೆ ಧರ್ಮಪುರಿ ಬಸ್ ನಿಲ್ದಾಣದಲ್ಲಿ ಬೋರ್ಡಿನ ಕೆಳಗೆ ತಬ್ಬಿಬ್ಬಾಗುವ ನಮ್ಮಂಥ ಕನ್ನಡಿಗರ ಮೇಲೆ ಇಷ್ಟು ಕರುಣೆ ಏಳುನೂರು ವರ್ಷದ ಹಿಂದೆಯೇ ಯಾರಿಗೋ ಇತ್ತು. ಈಗಿನ ಹೆದ್ದಾರಿಯಲ್ಲಿ ತೊಪ್ಪೂರು ಘಾಟಿ ಇಳಿಯುವಾಗ ಬೋರ್ಡು ಓದುವಷ್ಟು ಹೊತ್ತೂ ಯಾರೂ ನಿಧಾನಿಸುವುದಿಲ್ಲ, ನಿಧಾನಿಸಿ ಅಂತಲೇ ಬರೆದಿದ್ದರೂ.

ಈ ಕಲ್ಲು ಫ್ರಿಜ್ಜಿಗೆ ಹೇಳಿ ಮಾಡಿಸಿದ್ದು. ಗುಳಿ ಬಿದ್ದ ಬೂದುಬಣ್ಣದ ಒಂದು ಬಿಲ್ಲೆ ಸಾಕು, ಬಣ್ಣದ ಖರ್ಚಿಲ್ಲ. ಕಂಡವರೆಲ್ಲ ಇದೇನು ಅಂತ ಕೇಳುತ್ತಾರೆ, ಐಫೆಲ್ ಗೋಪುರವನ್ನು ಯಾರೂ ಕೇಳುವುದಿಲ್ಲ.

ಧರ್ಮಪುರಿ, ಸೇಲಂ ಕಡೆ ಆಟದ ಸಾಮಾನಿನ ಅಂಗಡಿ ಇಟ್ಟವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಮೊದಲು ಆ ಮೈಲಿಗಲ್ಲನ್ನು ಮಾಡಿಸಿ. ಗುಳಿ ಎಣಿಸಿ ಕೊರೆಸಿ, ಎರಡು ಮತ್ತು ಒಂಬತ್ತು. ಹಿಂದೆ ಗಟ್ಟಿ ಕಾಂತ ಹಾಕಿ, ತೆಳು ಹಾಳೆಯದು ಬೇಡ, ಜಾರುತ್ತದೆ. ಬೆಲೆ ನೂರು ರೂಪಾಯಿ ದಾಟದಿರಲಿ. ನನಗೆ ಎರಡು ಎತ್ತಿಡಿ, ಒಂದು ಭಾವಮೈದನಿಗೆ. ಓದುಗರು ಕೊಳ್ಳುವ ಮೊದಲು ತಮ್ಮ ಫ್ರಿಜ್ಜನ್ನು ಪರೀಕ್ಷಿಸಿಕೊಳ್ಳಿ: ಹೊಸ ಗಾಜಿನ ಬಾಗಿಲಿನದಾದರೆ ಅದಕ್ಕೆ ಪ್ಯಾರಿಸ್ಸೂ ಅಂಟುವುದಿಲ್ಲ, ಧರ್ಮಪುರಿಯೂ ಅಂಟುವುದಿಲ್ಲ.