ಮೇಷ್ಟ್ರ ಲ್ಯಾಪ್‌ಟಾಪ್‌ಗೆ ನಿದ್ದೆ ಬರಲಿಲ್ಲ

ಬಸವನಗುಡಿಯಲ್ಲಿ ಲ್ಯಾಪ್‌ಟಾಪ್ ಕೆಟ್ಟರೆ ಅದು ಒಂದೇ ಮನೆಯ ಸಮಾಚಾರವಾಗಿ ಉಳಿಯುವುದಿಲ್ಲ. ರಸ್ತೆ ತುಂಬ ಇಂಜಿನಿಯರುಗಳು, ಮನೆಗೊಬ್ಬ ಅಮೆರಿಕದ ಮಗ. ಸಲಹೆಗೇನು ಬರ? ಗಾಂಧಿ ಬಜಾರಿನ ಹಿಂದಿನ ರಸ್ತೆಯ ನಿವೃತ್ತ ಗಣಿತದ ಮೇಷ್ಟ್ರು ಮಗ ಬಿಟ್ಟುಹೋದ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿಸಿಕೊಂಡಾಗಲೂ ಹೀಗೇ ಆಯಿತು. ಹಾಕಿಕೊಟ್ಟವನು ಪಕ್ಕದ ಮನೆಯ ಇಂಜಿನಿಯರಿಂಗ್ ಹುಡುಗ. “ವೈರಸ್ ಕಾಟ ಇಲ್ಲ, ಕಾಸು ಕೊಡೋ ಹಾಗೂ ಇಲ್ಲ ಸಾರ್” ಎಂದು ಪೆನ್‌ಡ್ರೈವ್‌ನಿಂದ ಡೆಬಿಯನ್ 11 ಎಂಬ ಲಿನಕ್ಸ್ ಇಳಿಸಿ, ಕಾಫಿ ಕುಡಿದು, ಪರೀಕ್ಷೆಗೆ ಓದಿಕೊಳ್ಳಲು ಹೊರಟುಹೋದ.

ಅವನು ಗೇಟು ದಾಟಿದ ಮೇಲೆ ಗೊತ್ತಾಯಿತು, ವೈಫೈ ಇಲ್ಲ. ಮುಚ್ಚಳ ಮುಚ್ಚಿದರೂ ಲ್ಯಾಪ್‌ಟಾಪ್ ಮಲಗುವುದಿಲ್ಲ. ಬ್ಯಾಗಿನೊಳಗೆ ಕೂತೇ ಬಿಸಿಯಾಗುತ್ತದೆ.

ಸ್ಯಾನ್ ಹೋಸೆಯಿಂದ ಮಗ, “ಅಪ್ಪಾ, ಲಾಗ್ ಕಳಿಸು” ಎಂದ. ಲಾಗ್ ಕಳಿಸಲು ಇಂಟರ್ನೆಟ್ ಬೇಕು, ಇಂಟರ್ನೆಟ್ ಬರಲೆಂದೇ ಲಾಗ್ ಬೇಕು. ಕೊನೆಗೆ ಮೇಷ್ಟ್ರು ಪರದೆಯ ಫೋಟೊ ತೆಗೆದು ವಾಟ್ಸಾಪ್ ಮಾಡಿದರು. ಯಂತ್ರ ಕಕ್ಕಿದ ನೂರಾರು ಸಾಲುಗಳ ನಡುವೆ ಒಂದು ಕೆಂಪು ಸಾಲು: ಫರ್ಮ್‌ವೇರ್ ಲೋಡ್ ಆಗಲಿಲ್ಲ, ಮೈನಸ್ 2.

ಮೈನಸ್ 2 ಕಂಡದ್ದೇ ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಲಿನಕ್ಸ್‌ನ ತಿರುಳಾದ ಕರ್ನೆಲ್ ತನ್ನ ತಪ್ಪುಗಳನ್ನು ಋಣ ಸಂಖ್ಯೆಗಳಲ್ಲಿ ಒಪ್ಪಿಸುತ್ತದೆ. 1 ಎಂದರೆ ಅನುಮತಿ ಇಲ್ಲ, 2 ಎಂದರೆ ಅಂಥ ಫೈಲೇ ಇಲ್ಲ, 12 ಎಂದರೆ ಮೆಮೊರಿ ಸಾಲದು, 110 ಎಂದರೆ ಕಾದು ಕಾದು ಸಾಕಾಯಿತು. ಉತ್ತರ ಸರಿಯಿದ್ದರೂ ಸ್ಟೆಪ್ಸ್ ಬರೆಯದ ಹುಡುಗರ ಮಾರ್ಕ್ಸ್‌ಗೆ ಜೀವಮಾನವಿಡೀ ಕತ್ತರಿ ಹಾಕಿದ ಮನುಷ್ಯ ಅವರು. ಲ್ಯಾಪ್‌ಟಾಪ್‌ನಲ್ಲಿ ಮೊದಲಿದ್ದ ಸಿಸ್ಟಮ್ “ಏನೋ ಎಡವಟ್ಟಾಗಿದೆ” ಎಂದಷ್ಟೇ ಹೇಳಿ ಕೈ ತೊಳೆದುಕೊಳ್ಳುತ್ತಿತ್ತು. ಇದು ಹಾಗಲ್ಲ. ಫೇಲಾಗಿದೆ ನಿಜ, ಆದರೆ ಸ್ಟೆಪ್ಸ್ ಬರೆದು ಫೇಲಾಗಿದೆ. “ವಿಂಡೋಸ್ ಹಾಕಿಸಿಬಿಡಿ ಸಾರ್” ಎಂದ ಎದುರು ಮನೆಯವರಿಗೆ ಮೇಷ್ಟ್ರು ಅಂದೇ ಬಾಗಿಲು ತೋರಿಸಿದರು.

ಆ ಇಲ್ಲದ ಫೈಲಿನ ಹಿಂದೆ ದೊಡ್ಡ ಸಿದ್ಧಾಂತವೇ ಇತ್ತು. ವೈಫೈ ಚಿಪ್ ತಾನಾಗಿ ಕೆಲಸ ಮಾಡುವುದಿಲ್ಲ. ಪ್ರತಿ ಸಲ ಕಂಪ್ಯೂಟರ್ ಶುರುವಾದಾಗಲೂ ಅದರೊಳಕ್ಕೆ ಫರ್ಮ್‌ವೇರ್ ಎಂಬ ಸಣ್ಣ ತಂತ್ರಾಂಶ ಇಳಿಸಬೇಕು. ಅದನ್ನು ಬರೆಯುವವರು ಚಿಪ್ ಕಂಪನಿಯವರು, ಅದರ ಮೂಲ ಸಂಕೇತವನ್ನು ಹೊರಗೆ ಬಿಡುವುದಿಲ್ಲ. ಡೆಬಿಯನ್ನಿನವರಿಗೋ ಭಾರೀ ಮಡಿ. ಮುಕ್ತವಲ್ಲದ ಯಾವುದನ್ನೂ ಅಧಿಕೃತ ಇನ್‌ಸ್ಟಾಲರ್ ಹತ್ತಿರ ಸುಳಿಯಗೊಡುತ್ತಿರಲಿಲ್ಲ. ಹೀಗಾಗಿ ವೈಫೈಗೆ ಬೇಕಾದ ಫೈಲನ್ನು ವೈಫೈಯಲ್ಲೇ ತರಿಸಿಕೊಳ್ಳಬೇಕಾದ ಪರಿಸ್ಥಿತಿ. 2022ರಲ್ಲಿ ಡೆಬಿಯನ್ ಅಭಿವೃದ್ಧಿಕಾರರು ಮತ ಹಾಕಿ ಈ ನಿಯಮ ಸಡಿಲಿಸಿದರು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಫರ್ಮ್‌ವೇರ್ ಜೊತೆಗೇ ಬರುತ್ತದೆ. ಹುಡುಗನ ಪೆನ್‌ಡ್ರೈವ್‌ನಲ್ಲಿ ಇದ್ದದ್ದು 11. ಮಗ ಹೇಳಿಕೊಟ್ಟಂತೆ ಮೇಷ್ಟ್ರು ಮೊಬೈಲನ್ನು ಚಾರ್ಜರ್ ವೈರಿನಲ್ಲಿ ಲ್ಯಾಪ್‌ಟಾಪ್‌ಗೆ ಜೋಡಿಸಿ, ಯುಎಸ್‌ಬಿ ಟೆದರಿಂಗ್ ಒತ್ತಿದರು. ಫೋನಿನ ಇಂಟರ್ನೆಟ್ ತಂತಿಯೊಳಗೆ ಹರಿದು ಬಂತು, ಫೈಲೂ ಬಂತು, ವೈಫೈ ದೀಪವೂ ಹತ್ತಿತು.

ಬೆಂಗಳೂರಿಗೆ ಈ ಪಾಡು ಹೊಸದಲ್ಲ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಶುರು ಮಾಡಿದ ಲಿನಕ್ಸ್ ಕರ್ನೆಲ್, 1996ರಲ್ಲಿ ಪಿಸಿಕ್ವೆಸ್ಟ್ ಪತ್ರಿಕೆಯ ಜೊತೆ ಸಿ.ಡಿ.ಯಾಗಿ ಓದುಗರ ಮನೆ ಸೇರಿತು. ಅದರ ಹಿಂದೆ ಇದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. 2001ರಲ್ಲಿ ಅವರೂ ಗೆಳೆಯರೂ ಆರಂಭಿಸಿದ ‘ಲಿನಕ್ಸ್ ಬೆಂಗಳೂರು’ ಸಮಾವೇಶ ಮುಂದೆ ‘ಫಾಸ್ ಡಾಟ್ ಇನ್’ ಆಗಿ 2012ರವರೆಗೆ ನಡೆಯಿತು.

ಮೇಷ್ಟ್ರಿಗೆ ಇದಕ್ಕಿಂತ ರೋಮಾಂಚನ ತಂದದ್ದು ಕೀಬೋರ್ಡ್ ಪಟ್ಟಿ. ಕನ್ನಡ ಹುಡುಕುತ್ತ ಹೋದವರಿಗೆ ‘ಕನ್ನಡ, ಕಗಪ, ಫೊನೆಟಿಕ್’ ಎಂಬ ಸಾಲು ಸಿಕ್ಕಿತು. ಕಗಪ ಎಂದರೆ ಚಾಮರಾಜಪೇಟೆಯ ಕನ್ನಡ ಗಣಕ ಪರಿಷತ್ತು, ‘ನುಡಿ’ ತಂತ್ರಾಂಶ ಕೊಟ್ಟ ಸಂಸ್ಥೆ. ಈ ಕೀಲಿಮಣೆಯ ಬೇರು ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿದೆ. ಅದೇ ಕಗಪ ಹೆಸರು ಹಿಂದಿ, ಮರಾಠಿ, ಸಂಸ್ಕೃತ, ತೆಲುಗು ಸಾಲುಗಳ ಮುಂದೆಯೂ ಇತ್ತು. “ನೋಡಯ್ಯಾ, ಪುಣೆಯವನು ಮರಾಠಿ ಹೊಡೆಯೋಕೂ ಚಾಮರಾಜಪೇಟೆಗೆ ಬರಬೇಕು” ಎಂದು ಮಗನಿಗೆ ಫೋನ್ ಮಾಡಿದರು. ಅಲ್ಲಿ ಆಗ ನಡುರಾತ್ರಿ.

ಇನ್ನು ನಿದ್ದೆಯ ವಿಚಾರ. ಲ್ಯಾಪ್‌ಟಾಪ್‌ಗಳಲ್ಲಿ ಎರಡು ಥರದ ಮಲಗುವಿಕೆ ಇದೆ. ಒಂದರಲ್ಲಿ ಮೆಮೊರಿಗೆ ತುಸು ಕರೆಂಟು, ಉಳಿದದ್ದು ಬಹುತೇಕ ಬಂದ್. ಇನ್ನೊಂದರಲ್ಲಿ ಪರದೆ ಆರಿರುತ್ತದೆ, ಆದರೆ ಒಳಗಿನ ಭಾಗಗಳು ಅರೆ ಎಚ್ಚರದಲ್ಲೇ ಇರುತ್ತವೆ. ಈಚಿನ ಯಂತ್ರಗಳು ಮೊಬೈಲಿನ ಹಾಗೆ ತಟ್ಟನೆ ಏಳಬೇಕೆಂದು ತಯಾರಕರು ಎರಡನೆಯದಕ್ಕೇ ಒಲಿದಿದ್ದಾರೆ. ಲಿನಕ್ಸ್‌ನಲ್ಲಿ ‘ಮೆಮ್ ಸ್ಲೀಪ್’ ಎಂಬ ಫೈಲು ತೆರೆದರೆ ಎರಡರ ಹೆಸರೂ ಕಾಣುತ್ತದೆ, ಯಾವುದು ಜಾರಿಯಲ್ಲಿದೆಯೋ ಅದರ ಸುತ್ತ ಚೌಕ ಕಂಸ. ಮೇಷ್ಟ್ರು ಬೂಟ್ ಸಾಲಿಗೆ ಒಂದು ಪದ ಸೇರಿಸಿ, ಕಂಸವನ್ನು ‘ಡೀಪ್’ ಎಂಬ ಮೊದಲನೆಯದರ ಮೇಲಕ್ಕೆ ವರ್ಗಾಯಿಸಿದರು. ಬ್ಯಾಗು ತಣ್ಣಗಾಯಿತು.

ಆದರೆ ಮೇಜಿನ ಮೇಲಿಟ್ಟಾಗ ಲ್ಯಾಪ್‌ಟಾಪ್ ಬೆಳಿಗ್ಗೆ ತಾನೇ ತಾನಾಗಿ ಏಳತೊಡಗಿತು. ಪಕ್ಕದ ಮನೆಯವರು ಹ್ಯಾಕರ್ ಎಂದರು, ಇಸ್ತ್ರಿಯವನು ವೋಲ್ಟೇಜ್ ಎಂದ. ಮೇಷ್ಟ್ರು ಲಾಗ್ ತೆರೆದು, ಎದ್ದ ಸಮಯಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಮಾರ್ಜಿನ್ ಎಳೆದು ಬರೆದುಕೊಂಡರು. ಏಳೂವರೆ ಆಸುಪಾಸು, ಮತ್ತೆ ಹನ್ನೊಂದರ ಸುಮಾರು. ಏಳೂವರೆಗೆ ಚಟ್ನಿ, ಹನ್ನೊಂದಕ್ಕೆ ಹುಳಿಗೆ ಮಸಾಲೆ! ಗೋಡೆಯಾಚೆ ಮಿಕ್ಸಿ ಗುರ್ರೆಂದರೆ ಕುಂಟು ಕಾಲಿನ ಮೇಜು ಅದುರುತ್ತದೆ, ವೈರ್‌ಲೆಸ್ ಮೌಸ್ ಕೂದಲೆಳೆಯಷ್ಟು ಸರಿಯುತ್ತದೆ. ಅದರ ಪುಟ್ಟ ರಿಸೀವರ್ ಕಂಪ್ಯೂಟರ್‌ಗೆ ತನ್ನನ್ನು ಕೀಬೋರ್ಡ್ ಎಂದೂ ಪರಿಚಯಿಸಿಕೊಂಡಿರುತ್ತದೆ. ಕೀಬೋರ್ಡ್‌ಗೆ ಮಲಗಿದವರನ್ನು ಎಬ್ಬಿಸುವ ಅಧಿಕಾರವನ್ನು ಕರ್ನೆಲ್ ಮೊದಲೇ ಕೊಟ್ಟಿದೆ.

“ನಿಮ್ಮ ಕಂಪ್ಯೂಟರ್ ಕೆಟ್ಟರೆ ನನ್ನ ಮಿಕ್ಸಿ ಮೇಲ್ಯಾಕೆ ಹೇಳ್ತೀರಿ?” ಎಂದರು ಮನೆಯಾಕೆ.

ಎಬ್ಬಿಸುವ ಹಕ್ಕುದಾರರ ಪಟ್ಟಿಯೂ ಒಂದು ಫೈಲೇ. ಯುಎಸ್‌ಬಿಯ (ರಿಸೀವರ್ ಕೂತಿರುವುದು ಅಲ್ಲೇ) ಹೆಸರನ್ನು ಅದಕ್ಕೆ ಒಮ್ಮೆ ಬರೆದರೆ ಹಕ್ಕು ರದ್ದು, ಮತ್ತೊಮ್ಮೆ ಬರೆದರೆ ಮರಳಿ ಮಂಜೂರು, ರೀಸ್ಟಾರ್ಟ್ ಮಾಡಿದರೆ ಎಲ್ಲ ಮೊದಲಿನಂತೆ. ಇಷ್ಟೆಲ್ಲ ಸರಿಹೋದ ಮೇಲೆ, ನಿದ್ದೆಯಿಂದ ಎದ್ದಾಗ ವೈಫೈ ಮಾತ್ರ ಏಳದೆ ಉಳಿಯಿತು. ಅದಕ್ಕೆ ಡ್ರೈವರನ್ನು ಕರ್ನೆಲ್‌ನಿಂದ ಕಿತ್ತು ಮತ್ತೆ ಸೇರಿಸುವ ಎರಡು ಸಾಲಿನ ಸ್ಕ್ರಿಪ್ಟ್. ಪ್ರತಿ ಸಲ ಎದ್ದಾಗಲೂ ತಾನೇ ಓಡುತ್ತದೆ.

ಸುದ್ದಿ ಮಲ್ಲೇಶ್ವರಕ್ಕೆ ಮುಟ್ಟಿತು. ಅಲ್ಲಿನ ಭಾವಮೈದುನರ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲೂ ವೈಫೈ ಇಲ್ಲವಂತೆ. ಮೇಷ್ಟ್ರು ನೋಟ್‌ಬುಕ್ ಹಿಡಿದು ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಮೆಟ್ರೊ ಹತ್ತಿ ಸಂಪಿಗೆ ರಸ್ತೆಯಲ್ಲಿ ಇಳಿದರು. ಲ್ಯಾಪ್‌ಟಾಪ್ ಕಂಡ ಕೂಡಲೇ ಕಾಯಿಲೆ ತಿಳಿಯಿತು. ಹಳೇ ಮಾದರಿ, ಪಕ್ಕದಲ್ಲೇ ವೈಫೈಗೊಂದು ಸ್ವಿಚ್ಚಿದೆ, ಮೊಮ್ಮಗ ಅದನ್ನು ಆಫ್ ಮಾಡಿದ್ದಾನೆ. ಮೇಷ್ಟ್ರು ಬಾಯಿ ಬಿಡಲಿಲ್ಲ. ಭಾವಮೈದುನರಿಂದಲೇ ಟರ್ಮಿನಲ್ ತೆರೆಸಿ, ‘ಆರ್‌ಎಫ್‌ಕಿಲ್ ಲಿಸ್ಟ್’ ಎಂದು ಅಕ್ಷರ ಅಕ್ಷರ ಹೊಡೆಸಿ, ‘ಹಾರ್ಡ್ ಬ್ಲಾಕ್ಡ್: ಯೆಸ್’ ಎಂಬ ಸಾಲನ್ನು ಗಟ್ಟಿಯಾಗಿ ಓದಿಸಿ, ಅದರರ್ಥವನ್ನೂ ಹೇಳಿಸಿದ ಮೇಲೆಯೇ ಸ್ವಿಚ್ಚು ತೋರಿಸಿದ್ದು.

“ಇದನ್ನ ಮೊದಲೇ ಹೇಳಬಾರದಿತ್ತಾ ಭಾವ?”

“ಹೇಳಿದ್ರೆ ನಿನಗೆ ಸೊನ್ನೆ ಮಾರ್ಕ್ಸ್” ಎಂದು ಮೇಷ್ಟ್ರು ಎದ್ದರು. ಸಿಟಿಆರ್ ಹೋಟೆಲಿನ ಮುಂದೆ ಬೆಣ್ಣೆ ಮಸಾಲೆಗೆ ಕಾದು ನಿಂತವರ ಗುಂಪಿನಲ್ಲಿ ಒಬ್ಬ ಯುವಕನ ಬ್ಯಾಗಿನ ಮೇಲೆ ಲಿನಕ್ಸ್ ಪೆಂಗ್ವಿನ್ ಸ್ಟಿಕ್ಕರ್ ಕಂಡಿತು. ಅವನ ಸರದಿ ಬರುವಷ್ಟರಲ್ಲಿ ಮೇಷ್ಟ್ರು ನೋಟ್‌ಬುಕ್ಕಿನ ಮಿಕ್ಸಿ ಪುಟ ತೆರೆದಿದ್ದರು.